ಹಳೆ ಜಾಕಿಗೆ ಹೊಸ ನಟ್ಟು

ಟ್ರ್ಯಾಕ್ಟರಿನಿಂದ ಬಿಡಿಸಿದ ಎರಡು ಚಕ್ರದ ಟ್ರೇಲರಿನ ಮೂಕಿ ನೆಲಕ್ಕೆ ಬೀಳದಂತೆ ಹೊತ್ತು ನಿಲ್ಲುವುದು ಅದರ ಜಾಕ್. ಒಂದು ಕೊಳವೆಯೊಳಗೆ ಇನ್ನೊಂದು ಕೊಳವೆ, ನಡುವೆ ಉದ್ದನೆಯ ತಿರುಪು, ತಿರುಪಿನ ಮೇಲೆ ಹತ್ತಿ ಇಳಿಯುವ ನಟ್ಟು, ನೆತ್ತಿಯಲ್ಲೊಂದು ಹಿಡಿ, ಅದರ ಕೆಳಗೊಂದು ಗುಂಡಿನ ಬೇರಿಂಗ್, ಬುಡದಲ್ಲೊಂದು ಪಾದ. ಅದರ ಒಡಲು ಇಷ್ಟೇ. ಹೊರಗಿನ ಕೊಳವೆ ಮೂಕಿಗೆ ಬಿಗಿಯಾಗಿರುತ್ತದೆ, ಒಳಗಿನದು ಕಾಲಿನಂತೆ ಕೆಳಗಿಳಿಯುತ್ತದೆ. ಹಿಡಿ ತಿರುಗಿಸಿದರೆ ತಿರುಪು ಇದ್ದಲ್ಲೇ ಸುತ್ತುತ್ತದೆ. ನಟ್ಟು ಅದರ ಮೇಲೆ ಓಡಾಡುತ್ತದೆ, ನಟ್ಟಿಗೆ ಸೇರಿಸಿದ ಒಳಗೊಳವೆ ಅದರ ಜೊತೆಗೆ ಹೋಗುತ್ತದೆ. ಒಳಗೊಳವೆಯ ಮೈಯುದ್ದಕ್ಕೂ ಒಂದು ಸೀಳು ಇರುತ್ತದೆ. ಹೊರಗಿನಿಂದ ಒಂದು ಸಣ್ಣ ಬೋಲ್ಟು ಆ ಸೀಳಿನೊಳಕ್ಕೆ ಮೂತಿ ಚಾಚಿ, ಕಾಲು ತಿರುಗದಂತೆ ಹಿಡಿದಿರುತ್ತದೆ. ಆ ಬೋಲ್ಟು ಬಿದ್ದುಹೋದರೆ ತಿರುಪಿನ ಜೊತೆ ಕಾಲೂ ಗಿರಗಿರನೆ ಸುತ್ತುತ್ತದೆ, ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಜಾಕ್ ಕೈಕೊಟ್ಟಾಗ ಮೊದಲು ನೋಡಬೇಕಾದದ್ದು ಈ ಬೋಲ್ಟನ್ನೇ.

ಹಿಡಿಯನ್ನು ಪಕ್ಕದಿಂದ ತಿರುಗಿಸುವ ಜಾಕುಗಳೂ ಇವೆ. ಅವುಗಳ ನೆತ್ತಿಯಲ್ಲಿ ಓರೆ ಹಲ್ಲಿನ ಎರಡು ಚಕ್ರಗಳು ತಿರುವನ್ನು ತಿರುಪಿಗೆ ದಾಟಿಸುತ್ತವೆ. ಹಳ್ಳಿಯ ಟ್ರೇಲರುಗಳಿಗೆ ಒಗ್ಗಿದ್ದು ನೆತ್ತಿಯಿಂದಲೇ ತಿರುಗಿಸುವ ಜಾಕ್. ಅದರಲ್ಲಿ ಕೆಡಬಹುದಾದ ಭಾಗಗಳು ಕಡಿಮೆ.

ಎತ್ತಿನ ಗಾಡಿಯ ಕಾಲದಲ್ಲಿ ಈ ಕೆಲಸವನ್ನು ಒಂದು ಕವಲುಗೋಲು ಮಾಡುತ್ತಿತ್ತು. ಎತ್ತುಗಳ ಹೆಗಲಿನಿಂದ ನೊಗ ಇಳಿಸಿ, ಮೂಕಿಯ ಕೆಳಗೆ ಜಾಲಿಯ ಕೋಲು ಕೊಟ್ಟರೆ ಗಾಡಿ ರಾತ್ರಿಯಿಡೀ ಸಮನಾಗಿ ನಿಲ್ಲುತ್ತಿತ್ತು. ಗಾಡಿ ಹೋಗಿ ಟ್ರೇಲರ್ ಬಂದರೂ ಮೂಕಿ ಎಂಬ ಮಾತು ಉಳಿಯಿತು. ಹೊರೆ ಮಾತ್ರ ಬೇರೆಯಾಯಿತು. ಎರಡು ಚಕ್ರದ ಟ್ರೇಲರಿನ ಅಚ್ಚು ಪೆಟ್ಟಿಗೆಯ ನಡುಮಧ್ಯಕ್ಕಿಂತ ಹಿಂದಿರುತ್ತದೆ. ಹೇರಿದ ಭಾರದ ಒಂದು ಪಾಲು ಮುಂದಕ್ಕೆ ಬಂದು ಟ್ರ್ಯಾಕ್ಟರಿನ ಹಿಂಗಾಲಿಗೆ ಹಿಡಿತ ಕೊಡಲಿ ಎಂಬುದೇ ಇದರ ಉದ್ದೇಶ. ಟ್ರ್ಯಾಕ್ಟರ್ ಕಳಚಿದಾಗ ಆ ಪಾಲೆಲ್ಲ ಜಾಕಿನ ತಲೆಗೆ ಬರುತ್ತದೆ. 3 ಟನ್ ಹೇರಿದ ಟ್ರೇಲರಿನಲ್ಲಿ ಅದು 400 ಕಿಲೋ ಆಗಬಹುದು. ಕವಲುಗೋಲು ಆ ತೂಕವನ್ನು ಹೇಗೋ ಹೊತ್ತೀತು, ಆದರೆ ಎತ್ತಿಕೊಡಲಾರದು. ಟ್ರ್ಯಾಕ್ಟರಿನ ಕೊಂಡಿಗೆ ಮೂಕಿಯ ಕಣ್ಣು ಬೆರಳಗಲ ಹೆಚ್ಚುಕಡಿಮೆಯಿಲ್ಲದೆ ಹೊಂದಬೇಕಾದರೆ ಎತ್ತಿ ಇಳಿಸುವ ಸಾಧನವೇ ಬೇಕು.

ಹಾಸನ ಜಿಲ್ಲೆಯ ಈ ಮೂಲೆಯಲ್ಲಿ ಟ್ರೇಲರಿಗೆ ವರ್ಷವಿಡೀ ಕೆಲಸ. ಯುಗಾದಿ ಕಳೆದ ಮೇಲೆ ತಿಪ್ಪೆಗೊಬ್ಬರ ಹೊಲಕ್ಕೆ ಹೋಗಬೇಕು. ಮೇ ತಿಂಗಳಲ್ಲಿ ಜಲಂಧರದಿಂದ ಹಾಸನದ ಮಾರುಕಟ್ಟೆಗೆ ಬರುವ ಬಿತ್ತನೆ ಆಲೂಗಡ್ಡೆ ಹಳೇಬೀಡು, ಬೇಲೂರಿನ ಹೊಲಗಳಿಗೆ ತಲುಪಬೇಕು. ಆಮೇಲೆ ಶುಂಠಿ, ಮುಸುಕಿನ ಜೋಳ, ರಾಗಿ. ಅರಸೀಕೆರೆ ಕಡೆಗೆ ಹೋದರೆ ತೆಂಗಿನಕಾಯಿ, ಕೊಬ್ಬರಿ. ಹಳೇಬೀಡಿನಿಂದ ಬೇಲೂರು 16 ಕಿಲೋಮೀಟರ್. ಅರಸೀಕೆರೆಯ ದಾರಿ ಇನ್ನೊಂದು ದಿಕ್ಕಿಗೆ, ಜಾವಗಲ್ ಹಾದು ಹೋಗುತ್ತದೆ. ಇಷ್ಟು ಹತ್ತಿರದ ಊರುಗಳ ನಡುವೆ ಹವೆ ಬೇರೆ ಬೇರೆ. ಅರಸೀಕೆರೆ ಬಯಲುಸೀಮೆ, ಬೇಲೂರು ಮಲೆನಾಡಿನ ಹೊಸ್ತಿಲು, ಹಳೇಬೀಡು ಇವೆರಡರ ನಡುವೆ. ಜಾಕುಗಳು ಸವೆಯುವ ಬಗೆಯೂ ಹಾಗೆಯೇ ಬೇರೆಯಾಗುತ್ತದೆ. ಬಯಲಿನಲ್ಲಿ ಅವುಗಳ ಶತ್ರು ಧೂಳು. ಕೆಮ್ಮಣ್ಣಿನಲ್ಲಿರುವ ಬೆಣಚಿನ ಕಣ ಸಾಮಾನ್ಯ ಕಬ್ಬಿಣಕ್ಕಿಂತ ಗಟ್ಟಿ. ಅದು ಗ್ರೀಸಿಗೆ ಸೇರಿದರೆ ಗ್ರೀಸೇ ಸಾಣೆಯಾಗಿ, ತಿರುಗಿಸಿದಷ್ಟೂ ನಟ್ಟನ್ನು ಅರೆಯುತ್ತದೆ. ಬೇಲೂರಿನ ಕಡೆ ಶತ್ರು ಮಳೆ. ತಿರುಪು ಅಲ್ಲಿ ಅಷ್ಟಾಗಿ ಸವೆಯದು, ನೆತ್ತಿಯ ಬೇರಿಂಗಿಗೆ ನೀರಿಳಿದು ಗುಂಡುಗಳು ತುಕ್ಕು ಹಿಡಿದು ಕಚ್ಚಿಕೊಳ್ಳುತ್ತವೆ. ನಡುವಿನ ಹಳೇಬೀಡಿನ ಜಾಕಿಗೆ ಬೇಸಿಗೆಯಲ್ಲಿ ಒಂದು ಕಾಟ, ಮಳೆಗಾಲದಲ್ಲಿ ಇನ್ನೊಂದು.

ಇಲ್ಲಿ ನೆನೆಯುತ್ತಿರುವುದು ಅಂಥದ್ದೇ ಒಂದು ಜಾಕ್. ಹಳೇಬೀಡಿನಿಂದ ಜಾವಗಲ್ ಕಡೆಗೆ ಹೋಗುವ ದಾರಿಯ ಒಂದು ಹಳ್ಳಿ, ಮುಂದೆ ಕಣ, ಪಕ್ಕದಲ್ಲಿ ಹುಣಸೆಮರ ಇರುವ ಮನೆ. ಟ್ರೇಲರ್ ಕೊಂಡಾಗಲೇ ಅದರ ಜೊತೆ ಬಂದ ಜಾಕ್ ಅದು. ಮನೆಯ ಯಜಮಾನನಿಗೆ ಗಾಡಿ ಕೆಲಸ ಗೊತ್ತಿತ್ತು, ಕೀಲೆಣ್ಣೆಯ ವಾಸನೆಯಲ್ಲೇ ಬೆಳೆದವನು. ಶಾಲೆಗೆ ರಜೆಯಿದ್ದ ಮಗ ಪಾನಾ ಎತ್ತಿಕೊಡುವುದಕ್ಕೆ ಜೊತೆಗಿದ್ದ. ಆ ಬೇಸಿಗೆ ಗೊಬ್ಬರ ಹೊಡೆಯುವ ಹೊತ್ತಿಗೆ ಜಾಕ್ ಮೂರು ಸೂಚನೆ ಕೊಟ್ಟಿತ್ತು. ಹಿಡಿ ತಿರುಗಿಸಲು ಇಬ್ಬರು ಬೇಕಾಗುತ್ತಿತ್ತು. ಎತ್ತಿ ನಿಲ್ಲಿಸಿದ ಮೂಕಿ ಟಕ್ಕೆಂದು ಅರ್ಧ ಬೆರಳು ಕುಸಿದು ನಿಲ್ಲುತ್ತಿತ್ತು. ಕಾಲಿನ ಸಂದಿಯಿಂದ ಇಳಿದ ಗ್ರೀಸಿನಲ್ಲಿ ಬೆಳ್ಳಿಪುಡಿಯಂತೆ ಏನೋ ಮಿನುಗುತ್ತಿತ್ತು. ಮೊದಲನೆಯದು ಬೇರಿಂಗಿನ ದೂರು. ಉಳಿದೆರಡು ನಟ್ಟಿನವು. ಮಿನುಗುತ್ತಿದ್ದುದು ನಟ್ಟಿನ ಒಳಥ್ರೆಡ್ಡಿನ ಪುಡಿ.

ಬಿಚ್ಚುವ ಮುಂಚೆ ಮೂಕಿಗೆ ಬೇರೆ ಆಸರೆ ಕೊಡಬೇಕು. ಇದರಲ್ಲಿ ರಿಯಾಯಿತಿಯಿಲ್ಲ. ಟ್ರೇಲರ್ ಖಾಲಿ ಮಾಡಿ, ಎರಡೂ ಚಕ್ರಕ್ಕೆ ಹಿಂದೆ ಮುಂದೆ ಕಲ್ಲು ಕೊಟ್ಟು, ಮೂಕಿಯ ಕೆಳಗೆ ಹಳೆ ಮರದ ರೈಲ್ವೆ ಸ್ಲೀಪರಿನ ತುಂಡುಗಳನ್ನು ಅಡ್ಡಡ್ಡ ಪೇರಿಸಲಾಯಿತು. ಪೆಟ್ಟಿಗೆಯ ಹಿಂಬದಿಯಲ್ಲಿ ಹೊರೆ ಉಳಿದಿದ್ದರೆ ಮೂಕಿ ಕೆಳಗೆ ಬೀಳುವ ಬದಲು ಮೇಲಕ್ಕೆ ಚಿಮ್ಮುತ್ತದೆ. ಜಾಕ್ ಬಿಚ್ಚುವವನ ಗದ್ದಕ್ಕೆ ಬಡಿಯುವುದು ಆಗಲೇ. ಆದ್ದರಿಂದ ಪೆಟ್ಟಿಗೆಯನ್ನು ಪೂರ್ತಿ ಗುಡಿಸಿದ ಮೇಲಷ್ಟೇ ಪಾನಾ ಕೈಗೆ ಬಂತು.

ಹೊರಗೊಳವೆಯ ಬೋಲ್ಟುಗಳು ಸುಲಭವಾಗಿ ಬಂದವು. ಹಿಡಿಯನ್ನು ತಿರುಪಿಗೆ ಸೇರಿಸುವ ಪಿನ್ನು ಬರಲಿಲ್ಲ. ಸೀಮೆಎಣ್ಣೆಗೆ ಸ್ವಲ್ಪ ಎಂಜಿನ್ ಆಯಿಲ್ ಬೆರೆಸಿ, ಹಳೆ ಬಟ್ಟೆ ನೆನೆಸಿ, ಪಿನ್ನಿನ ಎರಡೂ ತುದಿಗೆ ಸುತ್ತಿ ಒಂದು ರಾತ್ರಿ ಬಿಡಲಾಯಿತು. ಬೆಳಿಗ್ಗೆ ಮೊಂಡು ಮೊಳೆಯಿಟ್ಟು ನಾಲ್ಕು ಪೆಟ್ಟು ಕೊಟ್ಟಾಗ ಹೊರಬಂತು. ತುಕ್ಕು ಹಿಡಿದ ಪಿನ್ನಿಗೆ ಮೊದಲ ದಿನವೇ ದೊಡ್ಡ ಸುತ್ತಿಗೆ ಎತ್ತಿದರೆ ಅದರ ತಲೆ ಅಣಬೆಯಂತೆ ಅರಳಿ, ಆಮೇಲೆ ಡ್ರಿಲ್ ಹೊಡೆಯದೆ ಬೇರೆ ದಾರಿ ಉಳಿಯುವುದಿಲ್ಲ. ಒಂದು ರಾತ್ರಿ ಕಾಯುವುದೇ ಅಗ್ಗ.

ಪಿನ್ನು ಬಂದ ಮೇಲೆ ತಿರುಪು, ನಟ್ಟು, ಒಳಗೊಳವೆ ಮೂರೂ ಒಟ್ಟಿಗೆ ಕೆಳಗಿನಿಂದ ಜಾರಿ ಬಂದವು. ಅವುಗಳ ಜೊತೆ ಒಂದು ಬೊಗಸೆ ಕಪ್ಪು ಕೆಸರು, ಮೂರು ಗುಂಡು, ಒಡೆದ ಒಂದು ಉಂಗುರ. ಗುಂಡುಗಳ ಮೈಯೆಲ್ಲ ಸಿಡುಬಿನ ಕಲೆಯಂತೆ ಗುಳಿ ಬಿದ್ದಿತ್ತು. ತಿರುಪನ್ನು ಸೀಮೆಎಣ್ಣೆಯಲ್ಲಿ ಅದ್ದಿ ತೆಂಗಿನ ಜುಂಗಿನಿಂದ ತಿಕ್ಕಲಾಯಿತು. ಥ್ರೆಡ್ಡಿನ ಸಂದಿ ಶುಚಿ ಮಾಡಲು ಜುಂಗಿಗಿಂತ ಒಳ್ಳೆಯದು ಆ ಮನೆಯಲ್ಲಿ ಇರಲಿಲ್ಲ. ತಂತಿ ಬ್ರಷ್ ಗೀರು ಬೀಳಿಸುತ್ತದೆ, ಬಟ್ಟೆ ಸಂದಿಯ ತಳಕ್ಕೆ ಇಳಿಯುವುದಿಲ್ಲ. ಜುಂಗು ತಿರುಪಿನ ಜಾಡು ಹಿಡಿದು ತಾನೇ ಸುತ್ತಿಕೊಂಡು ಹೋಗುತ್ತದೆ. ಕಸ ಹೋದ ಮೇಲೆ ತಿರುಪಿನ ಮೈ ಕಂಡಿತು. ಎರಡು ತುದಿಯಲ್ಲಿ ಥ್ರೆಡ್ಡು ಹೊಸದರಂತೆ ಮಟ್ಟಸ. ದಿನವೂ ನಟ್ಟು ಓಡಾಡಿದ ನಡುಭಾಗದಲ್ಲಿ ಉಗುರಿಗೆ ತಿಳಿಯುವಷ್ಟು ತೆಳು. ನಟ್ಟನ್ನು ಬೆಳಕಿಗೆ ಹಿಡಿದು ನೋಡಿದರೆ ಅದರೊಳಗಿನ ಸುತ್ತುಗಳು ಚಾಕುವಿನ ಅಲಗಿನಂತೆ ಚೂಪಾಗಿದ್ದವು.

ಇಂಥ ಕೆಲಸದಲ್ಲಿ ತೀರ್ಮಾನ ಮಾಡಬೇಕಾದ ಗಳಿಗೆ ಇದು. ಸವೆತ ಎಲ್ಲಿದೆ ಎಂಬುದರ ಮೇಲೆ ದುರಸ್ತಿಯೋ ಗುಜರಿಯೋ ಎಂಬುದು ನಿಲ್ಲುತ್ತದೆ. ಜಾಕಿನಲ್ಲಿ ದುಬಾರಿಯಾದದ್ದು ತಿರುಪು, ಅದು ಉಳಿಯಬೇಕು. ನಟ್ಟು ಮತ್ತು ಬೇರಿಂಗ್ ಸವೆಯುವುದಕ್ಕೆಂದೇ ಇರುವ ಭಾಗಗಳು, ಅವು ಹೋಗಲಿ. ತಿರುಪಿನ ಥ್ರೆಡ್ಡು ಕಾಲುಪಾಲಿಗಿಂತ ಹೆಚ್ಚು ತೆಳುವಾಗಿದ್ದರೆ ಅಥವಾ ತಿರುಪು ಬಾಗಿದ್ದರೆ ಹೊಸ ಜಾಕ್ ತರುವುದೇ ಸರಿ. ಈ ತಿರುಪನ್ನು ಗಾಜಿನ ಮೇಲೆ ಉರುಳಿಸಿ ನೋಡಿದಾಗ ಬಾಗಿರಲಿಲ್ಲ. ಸವೆತವೂ ಎಲ್ಲೆ ಮೀರಿರಲಿಲ್ಲ. ಆದರೆ ತಯಾರಿಸಿದವರು ನಟ್ಟನ್ನೂ ಸಾದಾ ಉಕ್ಕಿನಲ್ಲೇ ಮಾಡಿದ್ದರು. ಉಕ್ಕಿನ ಮೇಲೆ ಉಕ್ಕು ಗ್ರೀಸಿಲ್ಲದೆ ಉಜ್ಜಿದರೆ ಒಂದನ್ನೊಂದು ಕಚ್ಚಿ ಕೀಳುತ್ತವೆ, ಎರಡೂ ಹಾಳಾಗುತ್ತವೆ. ನಟ್ಟು ಗನ್‌ಮೆಟಲ್ಲಿನದಾದರೆ ಅದೊಂದೇ ಸವೆದು ತಿರುಪನ್ನು ಕಾಪಾಡುತ್ತದೆ. ಗನ್‌ಮೆಟಲ್ ಎಂದರೆ ತಾಮ್ರಕ್ಕೆ ತವರ ಮತ್ತು ಸತುವು ಬೆರೆತ ಲೋಹ. ಹಳೆಯ ಪಾಕದಲ್ಲಿ 100 ಪಾಲಿಗೆ ತಾಮ್ರ 88, ತವರ 10, ಸತು 2. ನೀರೆತ್ತುವ ಪಂಪಿನ ಬುಷ್ಷುಗಳಲ್ಲಿ ಇದನ್ನು ರೈತರು ಕಂಡೇ ಇರುತ್ತಾರೆ.

ಹೀಗೆ ತೀರ್ಮಾನವಾದ ಮೇಲೆ ಅಳತೆ. ಇಡೀ ಕೆಲಸದಲ್ಲಿ ಎಡವಿದ್ದು ಇಲ್ಲೇ. ತಿರುಪಿನ ದಪ್ಪ ಅಳೆದರೆ 25 ಮಿಲಿಮೀಟರಿನ ಆಸುಪಾಸು. ಒಂದು ಥ್ರೆಡ್ಡಿನ ನೆತ್ತಿಯಿಂದ ಮುಂದಿನದರ ನೆತ್ತಿಗೆ ಶಾಲೆಯ ಸ್ಕೇಲಿಟ್ಟು ನೋಡಿದರೆ 5 ಮಿಲಿಮೀಟರ್. ಹಾಗೆಂದು ಚೀಟಿಯಲ್ಲಿ ಬರೆದು, ತಿರುಪನ್ನು ಮನೆಯಲ್ಲೇ ಬಿಟ್ಟು, ಚೀಟಿ ಹಿಡಿದು ಅರಸೀಕೆರೆಗೆ ಬಸ್ಸು ಹತ್ತಿದ್ದಾಯಿತು. ಲೇತ್ ಅಂಗಡಿಯಲ್ಲಿ ಚೀಟಿಯಲ್ಲಿದ್ದಂತೆಯೇ ನಟ್ಟು ಕಡೆದುಕೊಟ್ಟರು. ಹೊಂಬಣ್ಣದ, ಕೈಗೆ ತೂಕವಾದ, ಕಣ್ಣಿಗೆ ಹಬ್ಬದಂಥ ನಟ್ಟು. ಮನೆಗೆ ತಂದು ತಿರುಪಿಗೆ ಹಾಕಿದರೆ ಮೂರು ಸುತ್ತು ಸಲೀಸಾಗಿ ಹೋಯಿತು, ನಾಲ್ಕನೆಯದಕ್ಕೆ ಬಿಗಿಯಿತು, ಐದನೆಯದಕ್ಕೆ ಅಲ್ಲಾಡದೆ ನಿಂತಿತು.

ತಪ್ಪು ಅಂಗಡಿಯದಲ್ಲ, ಅಳತೆಯದು. ಹುಡುಗ ತಿರುಪಿನ ಮೇಲೆ ಬಡಗಿಯ ಟೇಪ್ ಇಟ್ಟು ಒಂದರ ಬದಲು ಹತ್ತು ಥ್ರೆಡ್ಡುಗಳನ್ನು ಒಟ್ಟಿಗೆ ಅಳೆದಾಗ ಗುಟ್ಟು ಹೊರಬಿತ್ತು. ಹತ್ತು ಥ್ರೆಡ್ಡಿಗೆ ಸರಿಯಾಗಿ 2 ಇಂಚು, ಅಂದರೆ 50.8 ಮಿಲಿಮೀಟರ್. ತಿರುಪು ಇಂಚಿನ ಲೆಕ್ಕದ್ದು: ದಪ್ಪ 1 ಇಂಚು, ಇಂಚಿಗೆ 5 ಥ್ರೆಡ್. ಒಂದು ಥ್ರೆಡ್ಡಿಗೆ 5.08 ಮಿಲಿಮೀಟರ್. 5ಕ್ಕೂ 5.08ಕ್ಕೂ ಇರುವ ವ್ಯತ್ಯಾಸ ಸ್ಕೇಲಿಗೆ ಸಿಗುವುದಿಲ್ಲ. ಆದರೆ ನಟ್ಟಿನ ಉದ್ದದಲ್ಲಿ ಎಂಟು ಥ್ರೆಡ್ಡುಗಳಿದ್ದರೆ ಅದು ಎಂಟರಷ್ಟಾಗಿ ಅರ್ಧ ಮಿಲಿಮೀಟರ್ ದಾಟುತ್ತದೆ. ಮೊದಲ ಸುತ್ತುಗಳು ಇರುವ ಸಡಿಲದಲ್ಲಿ ನುಗ್ಗುತ್ತವೆ, ಮುಂದಿನವು ಗೋಡೆಗೆ ಹಾಯುತ್ತವೆ.

ಭಾರತ ಮೆಟ್ರಿಕ್ ಅಳತೆಗೆ ಕಾಯಿದೆ ಮಾಡಿದ್ದು 1956ರಲ್ಲಿ. ಆದರೂ ಬಡಗಿಗಳ, ಗಾರೆಯವರ, ಕಮ್ಮಾರರ ಬಾಯಲ್ಲಿ ಇಂಚು ಹೋಗಿಲ್ಲ, ಇಂಚಿನ ಎಂಟನೇ ಒಂದು ಪಾಲಾದ ನೂಲೂ ಹೋಗಿಲ್ಲ. ನಾಲ್ಕು ನೂಲಿನ ಬೋಲ್ಟು ಎಂದರೆ ಅರ್ಧ ಇಂಚಿನದು ಎಂದು ಅಂಗಡಿಯವನಿಗೆ ತಿಳಿಯುತ್ತದೆ. ಆ ಜಾಕೇ ಎರಡೂ ಕಾಲದ ಕೂಸು. ತಿರುಪು ಇಂಚಿನದು, ಬೇರಿಂಗ್ ಕೂರುವ ಕತ್ತು 20 ಮಿಲಿಮೀಟರಿನದು. ಇಂಥ ಕಡೆ ಒಂದು ಥ್ರೆಡ್ ಅಳೆಯುವುದು ಅಳತೆಯೇ ಅಲ್ಲ. ಹತ್ತನ್ನು ಅಳೆಯಬೇಕು, ಅದಕ್ಕಿಂತ ಮುಖ್ಯವಾಗಿ ಚೀಟಿಯ ಬದಲು ತಿರುಪನ್ನೇ ಹೊತ್ತೊಯ್ಯಬೇಕು.

ಎರಡನೇ ಸಲ ಗೋಣಿಯಲ್ಲಿ ಸುತ್ತಿದ ತಿರುಪು ಬಸ್ಸು ಹತ್ತಿತು. ಅರಸೀಕೆರೆ ರೈಲು ಜಂಕ್ಷನ್, ಕೊಬ್ಬರಿ ಮಾರುಕಟ್ಟೆಯ ಊರು. ಇಂಥ ಊರುಗಳ ಲೇತ್ ಅಂಗಡಿಗಳಲ್ಲಿ ಹರಿಹರದಲ್ಲಿ ತಯಾರಾದ ಹಳೆಯ ಲೇತುಗಳನ್ನು ಕಾಣಬಹುದಿತ್ತು. ಅಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತುಗಳವು. ಅರಸೀಕೆರೆಯಿಂದ ಹುಬ್ಬಳ್ಳಿ ಕಡೆಗೆ ಹೋಗುವ ರೈಲುದಾರಿಯಲ್ಲೇ ಹರಿಹರವಿದೆ. ಕಾರ್ಖಾನೆ ಮುಚ್ಚಿದ ಮೇಲೂ ಲೇತುಗಳು ದುಡಿಯುತ್ತಲೇ ಇದ್ದವು.

ಲೇತ್ ಕೆಲಸದ ತಿರುಳು ಈ ಸೀಮೆಗೆ ಹೊಸದಲ್ಲ. ವಸ್ತು ಸುತ್ತಬೇಕು, ಉಳಿ ನಿಂತಲ್ಲೇ ಮುಂದೊತ್ತಬೇಕು. ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಬೇಲೂರಿನ ಚನ್ನಕೇಶವ ದೇವಾಲಯದಲ್ಲೂ ಹಳೇಬೀಡಿನ ಹೊಯ್ಸಳೇಶ್ವರದಲ್ಲೂ ಗಂಟೆಯಾಕಾರದ ಕಂಬಗಳಿವೆ. ಬಳಪದ ಕಲ್ಲನ್ನು ತಿರುಗಿಸಿ ಕಡೆದ ಕಂಬಗಳು ಅವು. ಗಣಿಯಿಂದ ತೆಗೆದಾಗ ಮೆದುವಾಗಿರುವ ಆ ಕಲ್ಲು ಗಾಳಿಗೆ ಒಡ್ಡಿದಂತೆ ಗಟ್ಟಿಯಾಗುತ್ತದೆ. ಕಂಬದ ಕೊರಳಿನ ಒಂದೊಂದು ಬಳೆಯೂ ದುಂಡಗೆ, ಒಂದೇ ದಪ್ಪಕ್ಕೆ ಬಂದಿದೆ. ಬೆರಳಿಟ್ಟು ಸವರಿದರೆ ಏರುತಗ್ಗು ಸಿಗುವುದಿಲ್ಲ. ಬೇಲೂರಿನ ನವರಂಗದ ನರಸಿಂಹ ಕಂಬ ಒಂದು ಕಾಲಕ್ಕೆ ನಿಂತಲ್ಲೇ ತಿರುಗುತ್ತಿತ್ತು ಎಂದು ಅಲ್ಲಿ ಹೇಳುವುದುಂಟು. ಲೇತ್ ಮುಂದೆ ನಿಂತು ನಟ್ಟು ಕಡೆಯುವುದನ್ನು ನೋಡಿ ಬಂದವನಿಗೆ ಆ ಕಂಬಗಳು ಮತ್ತೆ ಮೊದಲಿನಂತೆ ಕಾಣುವುದಿಲ್ಲ. ಅವನ್ನು ಮಾಡಿದ ಕೈಗೆ ಎಷ್ಟು ತಾಳ್ಮೆ ಬೇಕಿತ್ತೆಂಬುದು ಆಗ ಮೈಗೆ ತಿಳಿಯುತ್ತದೆ.

ಥ್ರೆಡ್ ಕಡೆಯುವಾಗ ಲೇತ್ ತನ್ನ ಉದ್ದನೆಯ ತಿರುಪನ್ನು ನಕಲು ಮಾಡುತ್ತದೆ. ಹಳೆಯ ಲೇತಿನ ಆ ತಿರುಪಿನಲ್ಲಿ ಇಂಚಿಗೆ 4 ಥ್ರೆಡ್. ಅದರಿಂದ ಇಂಚಿಗೆ 5 ಥ್ರೆಡ್ ಬೇಕಾದರೆ 40 ಹಲ್ಲಿನ ಚಕ್ರ 50 ಹಲ್ಲಿನ ಚಕ್ರವನ್ನು ತಿರುಗಿಸಿದರೆ ಸಾಕು. ಅದೇ ಲೇತಿನಲ್ಲಿ 5 ಮಿಲಿಮೀಟರಿನ ಥ್ರೆಡ್ ಬೇಕಾದರೆ 127 ಹಲ್ಲಿನ ವಿಶೇಷ ಚಕ್ರ ಬೇಕು. ಇಂಚು 25.4 ಮಿಲಿಮೀಟರ್, ಅದರ ಐದರಷ್ಟು 127. ಇಂಚಿನಿಂದ ಮಿಲಿಮೀಟರಿಗೆ ದಾಟುವ ಸೇತುವೆ ಆ ಚಕ್ರ. ಹಾಳಾದ ಮೊದಲ ನಟ್ಟಿಗೆ ಆ ಚಕ್ರವನ್ನು ಹುಡುಕಿ ಹಾಕಿದ್ದರು. ಸರಿಯಾದ ನಟ್ಟಿಗೆ ಅದರ ಅಗತ್ಯವೇ ಇರಲಿಲ್ಲ.

ಗನ್‌ಮೆಟಲ್ ತುಂಡನ್ನು ಚಕ್ಕಿಗೆ ಬಿಗಿದು, ನಡುವೆ ಇಪ್ಪತ್ತೂವರೆ ಮಿಲಿಮೀಟರಿನ ತೂತು ಹೊಡೆದು, ಒಳಗಿನಿಂದ ಥ್ರೆಡ್ ಕಡೆಯಲಾಯಿತು. ಈ ಬಗೆಯ ಥ್ರೆಡ್ಡಿನ ಎರಡು ಮಗ್ಗುಲುಗಳ ನಡುವೆ 29 ಡಿಗ್ರಿ ಕೋನವಿರುತ್ತದೆ, ಉಳಿಯ ಮೂತಿಯನ್ನು ಅದಕ್ಕೆ ಸರಿಯಾಗಿ ಸಾಣೆ ಹಿಡಿದುಕೊಳ್ಳಬೇಕು. ಒಂದೊಂದು ಸಲಕ್ಕೆ ಕೂದಲೆಳೆಯಷ್ಟೇ ತೆಗೆಯುತ್ತ, ಕೊನೆಕೊನೆಗೆ ತಿರುಪನ್ನೇ ತಂದು ಹಾಕಿ ನೋಡುತ್ತ ಹೋಗಬೇಕು. ಇಲ್ಲಿ ಒಂದು ಆಯ್ಕೆ ಎದುರಾಗುತ್ತದೆ. ತಿರುಪಿನ ನಡುಭಾಗ ಸವೆದಿದೆ, ತುದಿಗಳು ಸವೆದಿಲ್ಲ. ನಡುಭಾಗಕ್ಕೆ ಬಿಗಿಯಾಗಿ ಕಡೆದರೆ ನಟ್ಟು ತುದಿಗಳಲ್ಲಿ ಕಚ್ಚಿಕೊಳ್ಳುತ್ತದೆ. ತುದಿಗೆ ಹೊಂದಿಸಿದರೆ ನಡುವೆ ಕೊಂಚ ಸಡಿಲ. ನಟ್ಟು ಇಡೀ ತಿರುಪಿನ ಮೇಲೆ ಓಡಾಡಲೇಬೇಕಾದ್ದರಿಂದ ತುದಿಗೇ ಹೊಂದಿಸುವುದು ಸರಿ. ಸವೆದ ಕಡೆಗೆ ಮನಸ್ಸು ಹೋಗುತ್ತದೆ, ಆದರೆ ಅಳತೆಯನ್ನು ಸವೆಯದ ಕಡೆಯಿಂದಲೇ ತೆಗೆದುಕೊಳ್ಳಬೇಕು.

ಹಳೆಯ ನಟ್ಟನ್ನು ಒಳಗೊಳವೆಯೊಳಗೆ ವೆಲ್ಡ್ ಮಾಡಿದ್ದರು. ಅದನ್ನು ಬಿಡಿಸಲು ಕೊಳವೆಯ ಮೈಮೇಲಿನ ವೆಲ್ಡಿನ ಗುರುತುಗಳನ್ನು ಹುಡುಕಿ ಗ್ರೈಂಡರಿನಿಂದ ತೆಗೆಯಬೇಕಾಯಿತು. ಹೊಸ ನಟ್ಟಿನಲ್ಲಿ ಈ ಕಷ್ಟ ಮರುಕಳಿಸದಂತೆ ಅದರ ತಲೆಗೆ ಒಂದು ಅಂಚು ಬಿಡಿಸಲಾಯಿತು. ನಟ್ಟಿನ ಮೈ ಕೊಳವೆಯೊಳಗೆ ಇಳಿಯುತ್ತದೆ, ಅಂಚು ಕೊಳವೆಯ ಬಾಯಿಯ ಮೇಲೆ ಕೂರುತ್ತದೆ. ಜಾಕ್ ಹೊರೆ ಹೊತ್ತಾಗ ನೆಲ ಕಾಲನ್ನು ಮೇಲಕ್ಕೊತ್ತುತ್ತದೆ, ಕಾಲು ಅಂಚನ್ನು ಒತ್ತುತ್ತದೆ, ಅಂಚು ತಿರುಪನ್ನು ಒತ್ತುತ್ತದೆ. ಭಾರವೆಲ್ಲ ಅಂಚಿನ ಮೇಲೆಯೇ ಬೀಳುವುದರಿಂದ ನಟ್ಟನ್ನು ಹಿಡಿಯಲು ವೆಲ್ಡ್ ಬೇಕಿಲ್ಲ. ಅದು ಕೊಳವೆಯೊಳಗೆ ತಿರುಗದಂತೆ, ಕಾಲು ಜೋತಾಡುವಾಗ ಕಳಚದಂತೆ ಎರಡು ಸಣ್ಣ ಬೋಲ್ಟುಗಳಿದ್ದರೆ ಸಾಕು. ಅವುಗಳ ತಲೆ ಹೊರಗೊಳವೆಗೆ ತಾಗದಂತೆ ಒಳಗೊಳವೆಯ ಮಟ್ಟಕ್ಕೆ ಅರದಿಂದ ಉಜ್ಜಿ, ತಿರುಗಿಸುವುದಕ್ಕೆ ಒಂದು ಗೀರು ಮಾತ್ರ ಉಳಿಸಲಾಯಿತು.

ಬೇರಿಂಗ್ ಅರಸೀಕೆರೆಯ ಬಿಡಿಭಾಗದ ಅಂಗಡಿಯಲ್ಲೇ ಸಿಕ್ಕಿತು. 51104 ಎಂಬ ಸಂಖ್ಯೆ ಹೇಳಿದರೆ ಸಾಕು, ಯಾವ ಕಂಪನಿಯದಾದರೂ ಅಳತೆ ಒಂದೇ: ಒಳಗೆ 20, ಹೊರಗೆ 35, ಎತ್ತರ 10 ಮಿಲಿಮೀಟರ್. ಎರಡು ಉಂಗುರ, ನಡುವೆ ಗುಂಡುಗಳ ಸಾಲು. ಉಂಗುರಗಳು ಮೇಲುನೋಟಕ್ಕೆ ಒಂದೇ ಥರ ಕಂಡರೂ ಅಲ್ಲ. ಒಂದರ ತೂತು ಸರಿಯಾಗಿ 20, ಇನ್ನೊಂದರದು 21. ಬಿಗಿಯಾದದ್ದು ತಿರುಪಿನ ಹೆಗಲ ಮೇಲೆ ಕೂತು ಅದರ ಜೊತೆ ತಿರುಗಬೇಕು. ಸಡಿಲವಾದದ್ದು ಮೇಲೆ, ಹೊರಗೊಳವೆಯ ಮುಚ್ಚಳಕ್ಕೆ ಒತ್ತಿಕೊಂಡು ನಿಲ್ಲಬೇಕು. ಅದಲುಬದಲಾದರೆ ನಿಂತ ಉಂಗುರ ತಿರುಗುವ ಕತ್ತನ್ನು ಉಜ್ಜುತ್ತದೆ.

ಈ ಪುಟ್ಟ ಬೇರಿಂಗಿನ ಬೆಲೆ ಲೆಕ್ಕ ಹಾಕಿದಾಗ ತಿಳಿಯುತ್ತದೆ. ತಿರುಪಿನ ಥ್ರೆಡ್ ಎಂದರೆ ಸುತ್ತಿಟ್ಟ ಒಂದು ಘಾಟಿ ರಸ್ತೆ. ಆ ತಿರುಪಿನಲ್ಲಿ ಒಂದು ಸುತ್ತಿನ ದಾರಿ ಸುಮಾರು 72 ಮಿಲಿಮೀಟರ್, ಏರು 5 ಮಿಲಿಮೀಟರ್. ಹದಿನಾಲ್ಕು ಅಡಿ ನಡೆದರೆ ಒಂದಡಿ ಏರಿದ ಹಾಗೆ. ಲೋಹಗಳ ಘರ್ಷಣೆ ಈ ಇಳಿಜಾರಿಗಿಂತ ಬಲವಾದದ್ದು. ಆದ್ದರಿಂದಲೇ ಕೈಬಿಟ್ಟರೂ ಜಾಕ್ ತಾನಾಗಿ ಇಳಿಯುವುದಿಲ್ಲ, ಬೀಗವಿಲ್ಲದೆಯೇ ನಿಲ್ಲುತ್ತದೆ. ಆ ಗುಣಕ್ಕೆ ಕೊಡಬೇಕಾದ ಬೆಲೆಯೆಂದರೆ ತೋಳಿನ ಬಲದ ಮೂರರಲ್ಲಿ ಎರಡು ಪಾಲು ಘರ್ಷಣೆಗೇ ಹೋಗುತ್ತದೆ. ಇಷ್ಟಾದರೂ 400 ಕಿಲೋ ಎತ್ತಲು 20 ಸೆಂಟಿಮೀಟರ್ ತೋಳಿನ ಹಿಡಿಗೆ ಬೇಕಾಗುವ ಬಲ ಅಂದಾಜು 5 ಕಿಲೋ ಮಾತ್ರ, ಹುಡುಗನ ಕೈಗೂ ಸಾಧ್ಯವಾದದ್ದು. ಇದು ಬೇರಿಂಗ್ ಚೆನ್ನಾಗಿದ್ದಾಗಿನ ಮಾತು. ಗುಂಡುಗಳು ತುಕ್ಕು ಹಿಡಿದು ನಿಂತರೆ ತಿರುಪಿನ ಹೆಗಲು ಮುಚ್ಚಳಕ್ಕೆ ಒತ್ತಿ ಉಜ್ಜತೊಡಗುತ್ತದೆ. ಆ ಘರ್ಷಣೆಯೊಂದೇ ಇನ್ನೂ 5 ಕಿಲೋ, ಕೆಲವೊಮ್ಮೆ ಅದಕ್ಕೂ ಹೆಚ್ಚು ಬಲ ಬೇಡುತ್ತದೆ. ಹಿಡಿಗೆ ಇಬ್ಬರು ಬೇಕಾಗಿದ್ದು ಇದರಿಂದ. ಜನ ಇಂಥ ಹೊತ್ತಿನಲ್ಲಿ ಹಿಡಿಗೆ ಪೈಪು ಸೇರಿಸಿ ಜಗ್ಗುತ್ತಾರೆ. ಪಿನ್ನು ಕತ್ತರಿಸುವುದು, ಹಿಡಿಯ ತೂತು ಅಗಲವಾಗುವುದು, ಕೊನೆಗೆ ತಿರುಪಿನ ಕತ್ತು ತಿರುಚುವುದು ಎಲ್ಲವೂ ಆ ಪೈಪಿನಿಂದ ಆಗುತ್ತದೆ. ಹಿಡಿ ಬಿಗಿಯಾದರೆ ಮಾಡಬೇಕಾದದ್ದು ಬೇರಿಂಗ್ ತೆಗೆದು ನೋಡುವುದು.

ಈ ಜಾಕಿನಲ್ಲೂ ಪಿನ್ನಿನ ತೂತು ಮೊಟ್ಟೆಯಾಕಾರಕ್ಕೆ ಬಂದಿತ್ತು. ಅದನ್ನು ವೆಲ್ಡಿನಿಂದ ತುಂಬಿಸಿ, ಉಜ್ಜಿ, ಮತ್ತೆ 8 ಮಿಲಿಮೀಟರಿಗೆ ತೂತು ಹೊಡೆಯಲಾಯಿತು. ಹಿಡಿಯ ಮರದ ಗುಬುಟು ಸೀಳಿತ್ತು. ಹಿತ್ತಲಲ್ಲಿ ಒಣಗಿದ್ದ ಜಾಲಿ ಕೊಂಬೆಯಿಂದ ಹೊಸತು ಮಾಡಿ, ಗಾಜಿನ ಚೂರಿನಿಂದ ಹೆರೆದು ನುಣುಪು ಮಾಡಿದ್ದು ಹುಡುಗನ ಕೆಲಸ.

ಪಾದದ ತಗಡು ತಿಪ್ಪೆಗೊಬ್ಬರದ ಕೆಸರಿನಲ್ಲಿ ನಿಂತೂ ನಿಂತೂ ಹಪ್ಪಳದಂತಾಗಿತ್ತು. ಮೂಲೆಯಲ್ಲಿ ಬಿದ್ದಿದ್ದ ಹಳೆ ಹ್ಯಾರೋದ ತಟ್ಟೆಯನ್ನು ಕತ್ತರಿಸಿ ಪಾದ ಮಾಡಲಾಯಿತು. ತಟ್ಟೆಯ ಬಾಗು ಹಸಿನೆಲದಲ್ಲಿ ಹೂತುಹೋಗದಂತೆ ತಡೆಯುತ್ತದೆ, ಅಂಚು ಬೇರಿಗೆ ಸಿಕ್ಕಿಕೊಳ್ಳುವುದಿಲ್ಲ. ಆದರೆ ಹ್ಯಾರೋದ ಉಕ್ಕು ಗಡಸು. ತಣ್ಣಗಿರುವಾಗ ವೆಲ್ಡ್ ಮಾಡಿದರೆ ವೆಲ್ಡಿನ ಪಕ್ಕದಲ್ಲೇ ಕೂದಲೆಳೆಯಂಥ ಬಿರುಕು ಹುಟ್ಟುತ್ತದೆ. ಹುಣಸೆ ಕೊರಡಿನ ಕೆಂಡದಲ್ಲಿ ಅದನ್ನು ಬಿಸಿ ಮಾಡಿ, ಬಿಸಿಯಿರುವಾಗಲೇ ವೆಲ್ಡ್ ಮಾಡಿಸಿ, ಕೂಡಲೇ ಒಲೆಯ ಬಿಸಿಬೂದಿಯಲ್ಲಿ ಹೂತಿಟ್ಟು ಮರುದಿನದವರೆಗೆ ತಣಿಯಲು ಬಿಡಲಾಯಿತು.

ಜೋಡಣೆ ಅರ್ಧ ದಿನದ್ದು. ಹೊರಗೊಳವೆಯ ಒಳಮೈಯ ತುಕ್ಕನ್ನು ಕೋಲಿಗೆ ಸುತ್ತಿದ ಉಪ್ಪುಕಾಗದದಿಂದ ಉಜ್ಜಿ, ಕೊಳವೆಯ ಮೈಗೊಂದು ಗ್ರೀಸ್ ನಿಪ್ಪಲ್ ಹಾಕಲಾಯಿತು. ಹಳೆಯ ಜಾಕಿನಲ್ಲಿ ಅದು ಇರಲೇ ಇಲ್ಲ. ಒಳಗೊಳವೆಯ ಬುಡಕ್ಕೆ, ಪಾದದ ಮೇಲ್ಗಡೆ, ನೀರು ಹೋಗಲು ಒಂದು ತೂತು. ಇಷ್ಟು ವರ್ಷ ಇಳಿದ ಮಳೆನೀರೆಲ್ಲ ಕಾಲಿನೊಳಗೇ ನಿಂತು ಕೆಸರಾಗಿತ್ತು. ಹಳೆ ಸೈಕಲ್ ಟ್ಯೂಬಿನ ತುಂಡೊಂದು ನೆತ್ತಿಯ ಸಂದಿಗೆ ಟೋಪಿಯಾಯಿತು. ತಿರುಪಿಗೆ, ಬೇರಿಂಗಿಗೆ ಗ್ರೀಸ್ ತುಂಬಿ, ಕಾಲನ್ನು ಸೇರಿಸಿ, ಸೀಳಿನ ಬೋಲ್ಟು ಬಿಗಿದು, ಹೊರಮೈಗೆ ರೆಡ್ ಆಕ್ಸೈಡ್ ಬಳಿದು ಒಣಗಿಸಲಾಯಿತು. ಬಣ್ಣ ಒಳಗೊಳವೆಯ ಮೈಗೆ ತಾಗಬಾರದು, ತಾಗಿದರೆ ಅದು ಉಜ್ಜಿ ಹಿಡಿಯುತ್ತದೆ.

ಪರೀಕ್ಷೆ ಖಾಲಿ ಟ್ರೇಲರಿನಲ್ಲಿ ಮೊದಲು, ಆಮೇಲೆ ಮುಂಭಾಗಕ್ಕೆ ರಾಗಿ ಮೂಟೆ ಪೇರಿಸಿ. ಸ್ಲೀಪರಿನ ತುಂಡುಗಳು ಮೂಕಿಯ ಕೆಳಗೇ ಇದ್ದವು, ಒಂದೊಂದೇ ಬೆರಳಿನ ಅಂತರ ಬಿಟ್ಟು. ಹುಡುಗ ಸುತ್ತು ಎಣಿಸಿದ. 59 ಸುತ್ತಿಗೆ ಮೂಕಿ ಒಂದಡಿಗೆ ತುಸು ಕಡಿಮೆ, 30 ಸೆಂಟಿಮೀಟರ್ ಏರಿತ್ತು. ಒಂದೇ ಕೈ, ಒಂದೇ ಹದ, ನಡುವೆ ಎಲ್ಲೂ ಬಿಗಿಯಾಗಲಿಲ್ಲ. ಸವೆದ ನಡುಭಾಗ ಬಂದಾಗ ಮಾತ್ರ ಹಿಡಿ ಕೊಂಚ ಹಗುರವಾದದ್ದು ಅಂಗೈಗೆ ತಿಳಿಯುತ್ತಿತ್ತು. ಮೂಟೆ ಹಾಕಿ ರಾತ್ರಿ ಬಿಟ್ಟು, ಕೊಳವೆಯ ಮೇಲೆ ಸೀಮೆಸುಣ್ಣದಲ್ಲಿ ಎಳೆದ ಗೆರೆ ಬೆಳಿಗ್ಗೆ ಇದ್ದಲ್ಲೇ ಇದೆಯೇ ಎಂದು ನೋಡಲಾಯಿತು. ಇತ್ತು. ಭರಣಿ ಮಳೆಗೆ ಮುಂಚೆ ಗೊಬ್ಬರವೆಲ್ಲ ಹೊಲ ಸೇರಿತು.

ಆಮೇಲಿನದು ಆರೈಕೆ. ವರ್ಷಕ್ಕೆ ಎರಡು ಸಲ, ಮಳೆ ಹಿಡಿಯುವ ಮುಂಚೆ ಒಮ್ಮೆ, ಆಯುಧಪೂಜೆಗೆ ಟ್ರೇಲರ್ ತೊಳೆದಾಗ ಒಮ್ಮೆ, ನಿಪ್ಪಲ್ಲಿಗೆ ಗ್ರೀಸ್ ಒತ್ತಬೇಕು. ತೊಳೆದ ಮೇಲೆ ಒತ್ತಬೇಕೇ ಹೊರತು ಮೊದಲಲ್ಲ, ಹೊಸ ಗ್ರೀಸು ನೀರನ್ನು ಹೊರದೂಡಬೇಕು. ಧೂಳಿನ ದಾರಿಯಲ್ಲಿ ಓಡುವಾಗ ಕಾಲನ್ನು ಪೂರ್ತಿ ಮೇಲೆತ್ತಿಡಬೇಕು, ಆಗ ಒಳಗೊಳವೆಯ ಎಣ್ಣೆಮೈಗೆ ಮಣ್ಣು ಅಂಟುವುದಿಲ್ಲ. ಕಾಲಿನಿಂದ ಇಳಿದ ಗ್ರೀಸನ್ನು ಬೆರಳಲ್ಲಿ ತೆಗೆದು ಬಿಸಿಲಿಗೆ ಹಿಡಿಯುವ ಅಭ್ಯಾಸ ಆ ಮನೆಯಲ್ಲಿ ಉಳಿಯಿತು. ಈಗ ಅದರಲ್ಲಿ ಬೆಳ್ಳಿಯ ಮಿನುಗು ಇರುತ್ತಿರಲಿಲ್ಲ, ಹೊನ್ನಿನ ಮಿನುಗು ಇರುತ್ತಿತ್ತು. ಅಂದರೆ ಸವೆಯುತ್ತಿರುವುದು ಗನ್‌ಮೆಟಲ್, ತಿರುಪಲ್ಲ.

ವರ್ಷಗಳಾದ ಮೇಲೆ ಮೂಕಿ ಮತ್ತೆ ಟಕ್ಕೆಂದು ಕುಸಿಯತೊಡಗಿದಾಗ ಗ್ರೈಂಡರ್ ಬೇಕಾಗಲಿಲ್ಲ. ಮಗನೇ ಕಾಲನ್ನು ಬಿಡಿಸಿ, ಗೀರಿಗೆ ಸ್ಕ್ರೂಡ್ರೈವರ್ ಕೊಟ್ಟು ಎರಡು ಬೋಲ್ಟು ತೆಗೆದು, ಸವೆದ ನಟ್ಟನ್ನು ಹೊರಗೆ ತಟ್ಟಿದ. ಅದರ ಥ್ರೆಡ್ಡುಗಳು ಮೊದಲಿನ ಉಕ್ಕಿನ ನಟ್ಟಿನಂತೆಯೇ ಚೂಪಾಗಿದ್ದವು. ತಿರುಪಿನ ನಡುಭಾಗ ಆ ಬೇಸಿಗೆಯಲ್ಲಿ ಹೇಗಿತ್ತೋ ಹಾಗೇ ಇತ್ತು. ಹಳೆ ನಟ್ಟು, ತಿರುಪು ಎರಡನ್ನೂ ಗೋಣಿಯಲ್ಲಿ ಸುತ್ತಿಕೊಂಡು ಅವನು ಅರಸೀಕೆರೆಯ ಬಸ್ಸು ಹತ್ತಿದ.